ಕಾಲಿಗೆ ಪಾಠ ಹೇಳಿದವಳು

ದೆಹಲಿಯ ನಮ್ಮ ಸ್ಕೂಲಿನಲ್ಲಿ ಕರ್ನಾಟಕದ ಫಿಸಿಕ್ಸ್ ಟೀಚರುಗಳು ಇಬ್ಬರಿದ್ದೆವು. ಒಬ್ಬಳು ನಾನು. ಜನ ಹುಡುಕಿಕೊಂಡು ಬರುತ್ತಿದ್ದದ್ದು ಇನ್ನೊಬ್ಬಳನ್ನು.

ಪೇರೆಂಟ್ಸ್ ಮೀಟಿಂಗಿನ ದಿನ ಯಾರೋ ಅಪ್ಪ, ಯಾರೋ ಅಮ್ಮ ಮುಖವರಳಿಸಿಕೊಂಡು ನನ್ನ ಮೇಜಿನ ಹತ್ತಿರ ಬರುತ್ತಿದ್ದರು. "ಆಪ್ ಹೀ ಹೈಂ ನಾ, ಕರ್ನಾಟಕ್ ವಾಲಿ ಫಿಸಿಕ್ಸ್ ಮ್ಯಾಮ್? ನಮ್ಮ ಹುಡುಗ ಮನೇಲಿ ನಿಮ್ಮದೇ ಮಾತು" ಎಂದು ಹಿಂದಿಯಲ್ಲಿ ಶುರುಮಾಡುತ್ತಿದ್ದರು. ಹುಡುಗ ಹಿಂದಿನಿಂದ ಅವರ ತೋಳು ಜಗ್ಗಿ, "ಇವರಲ್ಲ ಪಾಪಾ, ಇನ್ನೊಬ್ಬರು" ಎನ್ನುತ್ತಿದ್ದ. "ಅಚ್ಛಾ, ಸಾರಿ ಮ್ಯಾಮ್" ಎಂದು ಅವರು ಆಚೆ ಹೋಗುತ್ತಿದ್ದರು. ಆಚೆ ಎಂದರೆ ಪಕ್ಕದ ಮೇಜಿಗೆ. ಅಲ್ಲಿ ಅವಳ ಮುಂದೆ ಸಾಲು ನಿಂತಿರುತ್ತಿತ್ತು. ನಾನು ನನ್ನ ಮೇಜಿನ ಮೇಲಿನ ಪೆನ್ನುಗಳನ್ನು ಉದ್ದಕ್ಕೆ ಜೋಡಿಸುತ್ತಾ ಕೂತಿರುತ್ತಿದ್ದೆ.

ಅವಳು ಕೊಡಗಿನವಳು, ನಾನು ಮೈಸೂರಿನವಳು. ಅವಳ ಗಂಡ ಸೈನ್ಯದಲ್ಲಿ ಕರ್ನಲ್. ನಮ್ಮವರು ಸೆಂಟ್ರಲ್ ಗವರ್ನಮೆಂಟಿನ ಒಂದು ಇಲಾಖೆಯಲ್ಲಿ ಅಧಿಕಾರಿ. ಅವರು ಕಂಟೋನ್ಮೆಂಟಿನ ಕ್ವಾರ್ಟರ್ಸಿನಲ್ಲಿ, ನಾವು ಲೋಧಿ ಕಾಲೋನಿಯ ಹಳೆಯ ಫ್ಲ್ಯಾಟಿನಲ್ಲಿ. ಇಬ್ಬರೂ ಎಂಎಸ್ಸಿ. ನನ್ನದು ರ್‍ಯಾಂಕು ಬಂದ ಎಂಎಸ್ಸಿ. ಅದನ್ನು ಹೇಳಿಕೊಳ್ಳಬೇಕಾದ ಸಂದರ್ಭ ಅಲ್ಲಿ ಎಂದೂ ಬರಲಿಲ್ಲ.

ಅವಳು ಬಂದ ಹೊಸತರಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು "ನೀವು", "ರೀ" ಎಂದುಕೊಳ್ಳುತ್ತಿದ್ದೆವು. ಒಂದು ದಿನ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಾ ಅವಳು, "ಈ ಊರಲ್ಲಿ ಕನ್ನಡದಲ್ಲಿ ನನ್ನ ನೀನು ಅಂತ ಕರೆಯೋರು ಒಬ್ರೂ ಇಲ್ಲ ಮಾರಾಯ್ತಿ. ನೀನಾದ್ರೂ ಅನ್ನು" ಎಂದಳು. ನನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳು. ಹೀಗೆ ಕೇಳಿದರೆ ಇಲ್ಲ ಎನ್ನುವುದು ಹೇಗೆ? ಅವಳ ಕಷ್ಟವೇ ಅದಾಗಿತ್ತು, ಅಂದರೆ ನನಗೆ ಅವಳಿಂದಾದ ಕಷ್ಟ. ಅವಳ ಮೇಲೆ ಸಿಟ್ಟು ಮಾಡಿಕೊಂಡು ಒಂದು ಇಡೀ ದಿನ ಕಳೆಯಲು ಅವಳು ಬಿಡುತ್ತಿರಲಿಲ್ಲ.

ಎತ್ತರದ ಹೆಂಗಸು, ನೆಟ್ಟನೆಯ ಬೆನ್ನು. ವಾರ್ಷಿಕೋತ್ಸವಕ್ಕೆ ಕೊಡವರ ಪದ್ಧತಿಯಲ್ಲಿ ನೆರಿಗೆಯನ್ನು ಹಿಂದಕ್ಕೆ ಹಾಕಿ ಸೀರೆ ಉಟ್ಟು ಬಂದರೆ ಪ್ರಿನ್ಸಿಪಾಲರ ಭಾಷಣ ಕೇಳುವವರಿರಲಿಲ್ಲ. ನಾನು ಅದೇ ದಿನಕ್ಕೆಂದು ಊರಿನಿಂದ ತರಿಸಿದ್ದ ರೇಷ್ಮೆ ಸೀರೆ ಉಟ್ಟಿರುತ್ತಿದ್ದೆ. "ನಿಮ್ಮದೂ ಚೆನ್ನಾಗಿದೆ" ಎಂದು ಜನ ಹೇಳುತ್ತಿದ್ದರು. ಆ "ಊ" ಅಕ್ಷರವನ್ನು ನಾನು ಮನೆಯವರೆಗೂ ಹೊತ್ತುಕೊಂಡು ಹೋಗುತ್ತಿದ್ದೆ.

ಅವಳಿಗೊಂದು ಅಭ್ಯಾಸವಿತ್ತು. ಯಾವ ಪ್ಲಗ್ಗನ್ನೇ ಆಗಲಿ, ಫೋನಿನ ಚಾರ್ಜರನ್ನೇ ಆಗಲಿ, ಗೋಡೆಗೆ ಚುಚ್ಚುವ ಮೊದಲು ಸೆರಗಿನಲ್ಲಿ ಎರಡೂ ಕೈ ಒರೆಸಿಕೊಳ್ಳುವಳು. ಕಾಲಲ್ಲಿ ಚಪ್ಪಲಿ ಇದೆಯೇ ಎಂದು ಒಮ್ಮೆ ಬಗ್ಗಿ ನೋಡುವಳು. ಆಮೇಲೆ ಪ್ಲಗ್ಗನ್ನು ಮೂಗಿನ ಹತ್ತಿರ ಹಿಡಿದು ಮೂಸುವಳು. ಹೌದು, ಮಲ್ಲಿಗೆ ಮೂಸಿದ ಹಾಗೆ. "ಸುಟ್ಟದ್ದು ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತೆ" ಎನ್ನುತ್ತಿದ್ದಳು. ಹೊಸದಾಗಿ ಬಂದ ಟೀಚರುಗಳು ನಗುತ್ತಿದ್ದರು. ಒಂದೆರಡು ತಿಂಗಳಾದ ಮೇಲೆ ಅವರೂ ಮೂಸುತ್ತಿದ್ದರು.

ಸ್ಟಾಫ್ ರೂಮಿನಲ್ಲಿ ಎಲ್ಲರ ಫೋನಿಗೂ ಚಹದ ಕೆಟಲ್ಲಿಗೂ ಸೇರಿ ಇದ್ದದ್ದು ಒಂದೇ ಸಾಕೆಟ್ಟು. ಒಮ್ಮೆ ವೈಸ್ ಪ್ರಿನ್ಸಿಪಾಲರು ತಮ್ಮ ಲ್ಯಾಪ್‌ಟಾಪ್ ಚಾರ್ಜರಿನ ಪ್ಲಗ್ಗು ಸರಿಯಾಗಿ ಕೂರಲಿಲ್ಲವೆಂದು ಬೆಂಕಿಕಡ್ಡಿ ತುರುಕಿ ಅದನ್ನು ನಿಲ್ಲಿಸಿದ್ದರು. ಅವಳು ಎಲ್ಲರೆದುರೇ ಸ್ವಿಚ್ ಆರಿಸಿ, ಕಡ್ಡಿಯನ್ನು ಕಿತ್ತು ಅವರ ಅಂಗೈ ಮೇಲಿಟ್ಟು, "ಸರ್, ಇದನ್ನು ಗೀರಿ ಬಿಡಿ, ಎರಡೂ ಒಂದೇ" ಎಂದಳು. ಅವರೆಂದರೆ ನಾವೆಲ್ಲ ನಡುಗುತ್ತಿದ್ದೆವು. ಅವರು ನಕ್ಕರು! ಮರುವಾರ ಹೊಸ ಸಾಕೆಟ್ಟುಗಳು ಬಂದವು. ಆ ಸಾಕೆಟ್ಟು ಸಡಿಲವಾಗಿದೆ ಎಂದು ಹಿಂದಿನ ವರ್ಷವೇ ವಿನಯದಿಂದ ಅರ್ಜಿ ಬರೆದುಕೊಟ್ಟಿದ್ದವಳು ನಾನು.

ಅವಳಲ್ಲಿ ತಪ್ಪುಗಳಿರಲಿಲ್ಲವೇ? ಹುಡುಕಿ ಹುಡುಕಿ ಇಟ್ಟುಕೊಂಡಿದ್ದೆ. ಉತ್ತರಪತ್ರಿಕೆಗಳನ್ನು ಎಂದೂ ಸಮಯಕ್ಕೆ ತಿದ್ದಿಕೊಟ್ಟವಳಲ್ಲ. ಹೊಗಳಿಸಿಕೊಳ್ಳುವುದೆಂದರೆ ಅವಳಿಗೆ ಹೋಳಿಗೆ ತಿಂದಷ್ಟು ಖುಷಿ. ಕಥೆ ಹೇಳುವಾಗ ಉಪ್ಪು ಖಾರಕ್ಕೆ ಕೊರತೆ ಇರಲಿಲ್ಲ. ಕರ್ನಲ್ಲರ ಟೆಂಟಿನಲ್ಲಿ ಸಿಕ್ಕ ಹಾವು ವರ್ಷದಿಂದ ವರ್ಷಕ್ಕೆ ಒಂದೊಂದು ಮೊಳ ಬೆಳೆಯುತ್ತಿತ್ತು. ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾದಾಗ ಸೇವೆಯ ಹಿರಿತನದಲ್ಲಿ ಅದು ನನಗೆ ಬರಬೇಕಿತ್ತು. ಅವಳಿಗೆ ಕೊಟ್ಟರು. "ನನಗೆ ಬೇಡ, ಇವಳಿಗೆ ಕೊಡಿ" ಎಂದು ಅವಳು ಒಂದು ಮಾತಿಗಾದರೂ ಹೇಳುತ್ತಾಳೆಂದು ಕಾದೆ. ಅವಳು ಸ್ಟಾಫಿಗೆಲ್ಲ ಜಿಲೇಬಿ ಹಂಚಿದಳು. ನನಗೆ ಎರಡು ಕೊಟ್ಟಳು. ತಿಂದೆ. ಏನು ಮಾಡಲಿ, ಬಿಸಿಯಾಗಿತ್ತು.

ನಮ್ಮ ತರಗತಿಗಳ ನಡುವೆ ಒಂದೇ ಗೋಡೆ. ಪ್ರತಿ ವರ್ಷ ಹತ್ತನೆಯವರ ಮೊದಲ ಪೀರಿಯಡ್ಡಿನಲ್ಲಿ ನಾನು ಬೋರ್ಡಿನ ಮೇಲೆ ಸ್ಕೇಲಿಟ್ಟು ಸರ್ಕ್ಯೂಟ್ ಬರೆಯುತ್ತಿದ್ದರೆ ಆಚೆ ಕಡೆಯಿಂದ ಕೂಗಾಟ, ನಗು, ಬೆಂಚು ಎಳೆದಾಡುವ ಸದ್ದು. ನನ್ನ ಮಕ್ಕಳ ಕಣ್ಣು ಬೋರ್ಡಿನ ಮೇಲಿದ್ದರೂ ಕಿವಿ ಗೋಡೆಗೆ ಅಂಟಿರುತ್ತಿತ್ತು. ಒಮ್ಮೆ ತಡೆಯಲಾರದೆ ಏನೋ ಕೇಳುವ ನೆಪ ಮಾಡಿಕೊಂಡು ಹೋಗಿ ಬಾಗಿಲಲ್ಲಿ ನಿಂತೆ.

ಮೇಜಿನ ಮೇಲೆ ಒಂದು ಹಳೆಯ ಕಾರಿನ ಬ್ಯಾಟರಿ, ಅದರ ಚಾರ್ಜರು. ಮೊದಲು ಅದನ್ನು ಹೇಗೆ ಜೋಡಿಸಬೇಕೆಂದು ತೋರಿಸಿದಳು. "ಪೆಹಲೇ ಬ್ಯಾಟರಿ, ಫಿರ್ ದೀವಾರ್." ಮೊದಲು ಕ್ಲಿಪ್ಪುಗಳನ್ನು ಬ್ಯಾಟರಿಗೆ ಕಚ್ಚಿಸಬೇಕು, ಆಮೇಲೆ ಗೋಡೆಯ ಪ್ಲಗ್ಗು, ಕಡೆಗೆ ಸ್ವಿಚ್ಚು. ಬಿಡಿಸುವಾಗ ಇದರ ಉಲ್ಟಾ: ಮೊದಲು ಸ್ವಿಚ್ಚು, ಆಮೇಲೆ ಗೋಡೆ, ಕಡೆಗೆ ಬ್ಯಾಟರಿ. "ಯಾಕೆ?" ಎಂದು ಕೇಳಿ, ಚಾರ್ಜಾಗುವ ಬ್ಯಾಟರಿಯಿಂದ ಹತ್ತಿಕೊಳ್ಳುವಂಥ ಗ್ಯಾಸು ಬರುತ್ತದೆ, ಅದರ ಪಕ್ಕ ಒಂದು ಕಿಡಿ ಹಾರಿದರೂ ಸಾಕು ಎಂದು ಅವರ ಬಾಯಲ್ಲೇ ಹೇಳಿಸಿದಳು. ಪ್ಲಗ್ಗಿನ ಮೂರನೆಯ ಕಡ್ಡಿಯನ್ನು, ಆ ದಪ್ಪನೆಯ ಅರ್ಥ್ ಕಡ್ಡಿಯನ್ನು, ಮುಟ್ಟಿ ತೋರಿಸಿ, "ಇವನು ಮನೆಯ ಕಾವಲುಗಾರ. ಇವನನ್ನು ಮುರಿದು ಎರಡು ಕಡ್ಡಿಯ ತೂತಿಗೆ ಚುಚ್ಚಿದರೆ ಕಳ್ಳನಿಗೆ ಬಾಗಿಲು ತೆಗೆದ ಹಾಗೆ" ಎಂದಳು.

ಇಷ್ಟನ್ನು ನಾನೂ ಹೇಳುತ್ತಿದ್ದೆ. ಆದರೆ ಅವಳದು ಅಲ್ಲಿಗೆ ಮುಗಿಯಲಿಲ್ಲ. ಒಬ್ಬ ಹುಡುಗಿಯನ್ನು ಬ್ಯಾಟರಿಯ ಪಕ್ಕ ನಿಲ್ಲಿಸಿ, "ಇವಳು ನಿಮ್ಮಮ್ಮ. ಕರೆಂಟು ಹಿಡಿದಿದೆ. ಬಿಡಿಸಿ!" ಎಂದು ಚಪ್ಪಾಳೆ ತಟ್ಟಿದಳು. ಹುಡುಗಿ ಗಡಗಡ ನಡುಗುವ ನಟನೆ ಮಾಡಿದಳು. ಒಬ್ಬ ಓಡಿಹೋಗಿ ಅವಳ ಕೈ ಹಿಡಿದ. "ತೂ ಭೀ ಗಯಾ!" ಎಂದು ಇವಳು ಕಿರುಚಿದಳು. ಅವನು ನೆಲಕ್ಕೆ ಬಿದ್ದ. ಅವನನ್ನು ಎಳೆಯಲು ಬಂದವಳೂ ಹೋದಳು. ಒಬ್ಬರ ಮೇಲೊಬ್ಬರು ಸತ್ತು ಬಿದ್ದು ನಗುತ್ತಿದ್ದರು. ಕೊನೆಗೆ ಒಬ್ಬಳು ಬಾಗಿಲ ಪಕ್ಕದ ಮೇನ್ ಸ್ವಿಚ್ಚಿಗೆ ಓಡಿದಾಗ ಮಾತ್ರ ಆಟ ನಿಂತಿತು. "ಎದ್ದೇಳಿ. ಇನ್ನೊಂದು ಸಲ." ಎಲ್ಲರೂ ಅಮ್ಮನನ್ನು ಬಿಟ್ಟು ಸ್ವಿಚ್ಚಿನ ಕಡೆ ಓಡುವವರೆಗೂ ಅವಳು ಬಿಡಲಿಲ್ಲ.

ನಾಟಕ, ಎಂದುಕೊಂಡು ನನ್ನ ತರಗತಿಗೆ ವಾಪಸು ಬಂದೆ. ಆ ಮಧ್ಯಾಹ್ನ ನನ್ನ ವಿಭಾಗದಲ್ಲಿ ಅದನ್ನೇ ಮಾಡಿ ನೋಡಿದೆ. ಒಬ್ಬಳನ್ನು ನಿಲ್ಲಿಸಿ, "ಇವಳು ನಿಮ್ಮಮ್ಮ" ಎಂದೆ. ಮಕ್ಕಳು ಗೌರವದಿಂದ ನನ್ನನ್ನೇ ನೋಡುತ್ತಾ ಕೂತರು. ಕೊನೆಗೆ ಮುಂದಿನ ಬೆಂಚಿನವಳೊಬ್ಬಳು, "ಮ್ಯಾಮ್, ಇದು ಪರೀಕ್ಷೆಗೆ ಬರುತ್ತಾ?" ಎಂದು ಕೇಳಿದಳು.

ನನ್ನ ಮಗಳು ನಿಧಿ ಹತ್ತನೆಯ ತರಗತಿಗೆ ಬಂದಾಗ ಅವಳ ವಿಭಾಗಕ್ಕೇ ಬಿದ್ದಳು. ಅಮ್ಮನ ಕ್ಲಾಸಿನಲ್ಲಿ ಮಗಳು ಇರಬಾರದೆಂಬುದು ಸ್ಕೂಲಿನ ನಿಯಮ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಊಟದ ಹೊತ್ತಿಗೂ ಅವಳದೇ ಮಾತು. "ಮ್ಯಾಮ್ ಸೇಯ್ಸ್", "ಮ್ಯಾಮ್ ನೇ ಬೋಲಾ." ಇನ್ನೊಂದು ಇತ್ತು. ನಿಧಿ ದೆಹಲಿಯಲ್ಲಿ ಬೆಳೆದವಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವವಳು. ಬೇಸಿಗೆ ರಜೆಯಲ್ಲಿ ಹಟ ಹಿಡಿಯುವುದು, ಮುದ್ದು ಮಾಡುವುದು, ಆಸೆ ತೋರಿಸುವುದು, ಎಲ್ಲ ಮಾಡಿ ನಾನು ಸೋತಿದ್ದೆ. ಒಂದು ಸಂಜೆ ಅವಳು ಫೋನಿನಲ್ಲಿ, "ಹೌದು ಮ್ಯಾಮ್, ನಾನು ಊಟ ಮಾಡ್ದೆ. ನೀವು ಮಾಡಿದ್ರಾ?" ಎನ್ನುತ್ತಿದ್ದುದನ್ನು ಅಡುಗೆಮನೆಯಿಂದ ಕೇಳಿದೆ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಸಂತೋಷಪಡಬೇಕಾದ ವಿಷಯ. ನನ್ನ ಹೊಟ್ಟೆಯೊಳಗೆ ಕೆಂಡ ಹಾಕಿದ ಹಾಗಾಯಿತು. ಯಾರಿಗೆ ಹೇಳಲಿ? ಹೇಳಿಕೊಳ್ಳಲು ಇದ್ದ ಒಬ್ಬಳೇ ಕನ್ನಡದ ಗೆಳತಿ ಅವಳು.

ಆ ವರ್ಷ ನಮ್ಮವರು ಆಫೀಸಿಗೆ ಹೋಗಿಬರಲೆಂದು ಎಲೆಕ್ಟ್ರಿಕ್ ಸ್ಕೂಟರು ಕೊಂಡರು. ಅದರ ಬ್ಯಾಟರಿಯನ್ನು ತೆಗೆದು ಮಹಡಿ ಮೇಲೆ ತಂದು ಹಿಂದಿನ ವರಾಂಡದಲ್ಲಿ ಚಾರ್ಜಿಗಿಡುತ್ತಿದ್ದರು. ಚಾರ್ಜರಿನ ಪ್ಲಗ್ಗು ದಪ್ಪ ಮೂರು ಕಡ್ಡಿಯದು. ಅದಕ್ಕೆ ಸರಿಹೊಂದುವ ದೊಡ್ಡ ಸಾಕೆಟ್ಟು ಇದ್ದದ್ದು ಬಚ್ಚಲಿನ ಗೀಸರಿಗೆ ಮಾತ್ರ. ನಮ್ಮವರು ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಗಾಡಿಯ ಭಯ್ಯಾನೊಬ್ಬನಿಂದ ದೊಡ್ಡ ಪ್ಲಗ್ಗನ್ನು ಚಿಕ್ಕ ಸಾಕೆಟ್ಟಿಗೆ ಕೂರಿಸುವ ಒಂದು ಕನ್ವರ್ಟರ್ ಪ್ಲಗ್ಗು ತಂದು, ಅದನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸೇರಿಸಿ, ವೈರನ್ನು ಕೋಣೆಯಿಂದ ವರಾಂಡಕ್ಕೆ ಎಳೆದಿದ್ದರು. ನಿಧಿ ಅದನ್ನು ನೋಡಿದ ದಿನವೇ, "ಪಾಪಾ, ಇದರಲ್ಲಿ ಅರ್ಥ್ ಕನೆಕ್ಟೇ ಆಗಿಲ್ಲ, ಮ್ಯಾಮ್ ನೋಡಿದ್ರೆ ಬೈತಾರೆ" ಎಂದಳು. "ನಿಮ್ಮಮ್ಮನೂ ಫಿಸಿಕ್ಸೇ. ಅವಳೇ ಏನೂ ಅಂದಿಲ್ಲ" ಎಂದು ಅವರು ನಕ್ಕರು. ನಾನು ಅದಾಗಲೇ ಎರಡು ಸಲ ಅಂದಿದ್ದೆ. ಹೆಂಡತಿ ಅಂದದ್ದು ಅಂದ ಹಾಗಲ್ಲ, ಅಷ್ಟೇ.

ಮಳೆಗಾಲದ ಒಂದು ಭಾನುವಾರ. ಬೆಳಿಗ್ಗೆಯಿಂದ ಸುರಿದು ಮಧ್ಯಾಹ್ನದ ಹೊತ್ತಿಗೆ ನಿಂತಿತ್ತು. ಎರಚಲು ಬಡಿದು ವರಾಂಡದ ನೆಲವೆಲ್ಲ ಒದ್ದೆ. ನಮ್ಮವರು ಕೆಳಗೆ ಹೋಗಿ ಸ್ಕೂಟರಿನ ಮೇಲಿನ ಹೊದಿಕೆ ಸರಿಮಾಡಿ, ತೊಯ್ದ ಬರಿಗಾಲಿನಲ್ಲೇ ಬಂದು, ಚಾರ್ಜರು ನೀರಿನಲ್ಲಿದೆಯಲ್ಲ ಎಂದು ಅದನ್ನು ಎತ್ತಲು ಹೋದರು. ಸ್ವಿಚ್ಚು ಹಾಕಿಯೇ ಇತ್ತು. ಒಳಗೆ ನೀರಿಳಿದು ಚಾರ್ಜರಿನ ಲೋಹದ ಮೈಗೆಲ್ಲ ಕರೆಂಟು ಬಂದಿತ್ತು. ಅದನ್ನು ನೆಲಕ್ಕೆ ಒಯ್ಯಬೇಕಾದ ದಾರಿಯನ್ನು ಆ ಕನ್ವರ್ಟರ್ ಪ್ಲಗ್ಗು ಕತ್ತರಿಸಿಬಿಟ್ಟಿತ್ತು. ಉಳಿದಿದ್ದ ದಾರಿ ಅವರ ಮೈ ಒಂದೇ.

ಅವರು ಕೂಗಲಿಲ್ಲ. "ಊಂ" ಎಂಬಂಥ ಒಂದು ಸದ್ದು, ಅಷ್ಟೇ. ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ. ಬಗ್ಗಿದವರು ಬಗ್ಗಿದ ಹಾಗೇ ಇದ್ದಾರೆ, ಕೈ ಚಾರ್ಜರಿಗೆ ಬೆಸೆದುಕೊಂಡಿದೆ, ತೋಳು ಅದುರುತ್ತಿದೆ. ನಾನು ಓಡಿದೆ. ಸಾವಿರಾರು ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳಿದವಳು, ಎರಡೂ ಕೈ ಮುಂದೆ ಚಾಚಿಕೊಂಡು, ಒದ್ದೆ ನೆಲದ ಮೇಲೆ, ನೇರ ಅವರ ಕಡೆಗೆ ಓಡಿದೆ.

"ಅಮ್ಮಾ, ಮುಟ್ಬೇಡಾ!"

ನಿಧಿಯ ದನಿ. ಅದರ ಹಿಂದೆಯೇ ಅವಳ ಕೈ ನನ್ನ ಸೆರಗಿಗೆ ಬಿತ್ತು. ಹಿಂದಕ್ಕೆ ಎಳೆದ ರಭಸಕ್ಕೆ ನಾನು ಊಟದ ಮೇಜಿಗೆ ಬಡಿದು ಕೂತೆ. ಅಪ್ಪನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಬಾಗಿಲ ಕಡೆ ಓಡಿದಳು, ಚಪ್ಪಲಿ ಗೂಡಿನ ಮೇಲೆ ಹತ್ತಿದಳು, ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆಳೆದಳು. ಫ್ಯಾನು ನಿಂತಿತು. ನಮ್ಮವರು ಪಕ್ಕಕ್ಕೆ ಉರುಳಿದರು.

ಉಸಿರಾಡುತ್ತಿದ್ದರು. ಕೆಳಗಿನ ಮನೆಯವರು ಕಾರು ತೆಗೆದರು. ಆಸ್ಪತ್ರೆಯಲ್ಲಿ ಅಂಗೈಯ ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟಿ, ಎದೆಗೆ ತಂತಿಗಳನ್ನು ಅಂಟಿಸಿ, ಒಂದೆರಡು ದಿನ ನೋಡೋಣ ಎಂದರು. ಡಾಕ್ಟರು ನಿಧಿಯನ್ನು ಕರೆದು, "ಬೇಟಾ, ಯಾರು ಹೇಳಿಕೊಟ್ಟರು?" ಎಂದು ಕೇಳಿದರು. ಪಕ್ಕದಲ್ಲೇ ನಿಂತಿದ್ದ ನಾನು ಕಿಟಕಿಯ ಆಚೆ ನೋಡಿದೆ.

ಸಂಜೆಗೆ ಅವಳು ಬಂದಳು, ಅಕ್ಕಿ ರೊಟ್ಟಿ, ನೆಂಚಿಕೊಳ್ಳಲು ಎಳ್ಳಿನ ಪಜ್ಜಿ ಕಟ್ಟಿಕೊಂಡು. ಅಷ್ಟು ಹೊತ್ತೂ ಕಲ್ಲಿನ ಹಾಗೆ ಕೂತಿದ್ದ ನಿಧಿ ಅವಳನ್ನು ಕಂಡದ್ದೇ ಎದ್ದುಹೋಗಿ ಅಪ್ಪಿಕೊಂಡು ಗಟ್ಟಿಯಾಗಿ ಅಳಲು ಶುರುಮಾಡಿದಳು. ಮಧ್ಯಾಹ್ನದಿಂದ ನಾನು ಅವಳ ತಲೆ ಸವರುತ್ತಾ, "ಅತ್ತುಬಿಡು ಪುಟ್ಟಾ" ಎಂದು ಎಷ್ಟು ಸಲ ಹೇಳಿದ್ದೆನೋ. ಆಗ ಬಾರದ ಅಳು ಈಗ ಆ ಹೆಗಲಿನ ಮೇಲೆ ಸುರಿಯಿತು. ಗಂಡ ಬದುಕಿದ್ದಾನೆ, ಮಗಳು ಬದುಕಿದ್ದಾಳೆ, ನಾನು ಬದುಕಿದ್ದೇನೆ. ಮೂರಕ್ಕೂ ಕಾರಣವಾದವಳು ಎದುರಿಗೆ ನಿಂತಿದ್ದಾಳೆ. ಅವಳ ಕಾಲು ಹಿಡಿಯಬೇಕೆನಿಸಿತು. ನನ್ನ ಮಗಳನ್ನು ಅವಳ ಕೈಯಿಂದ ಕಿತ್ತುಕೊಳ್ಳಬೇಕೆಂದೂ ಅನಿಸಿತು. ಎರಡೂ ನಿಜ. ಯಾವುದು ಮೊದಲು ಅನಿಸಿತೆಂದು ಕೇಳಿದರೆ ಹೇಳಲಾರೆ.

ನಮ್ಮವರು ಮಲಗಿದಲ್ಲಿಂದಲೇ, "ನೀವು ಇಲ್ದಿದ್ರೆ ನಾನು ಇವತ್ತು ಇರ್ತಿರಲಿಲ್ಲ" ಎಂದು ಕೈ ಮುಗಿದರು, ಪಟ್ಟಿ ಕಟ್ಟಿದ ಕೈಯನ್ನೂ ಸೇರಿಸಿ.

"ನನ್ನದೇನಿದೆ?" ಎಂದಳು ಅವಳು. "ಓದಿಸಿದ್ದು ಅಮ್ಮ. ನಾನು ಬರೀ ಕುಣಿಸಿದ್ದು."

ಆ ದೊಡ್ಡತನ ನನಗೆ ಇನ್ನೂ ಉರಿಯಿತು. ಜಂಬ ಕೊಚ್ಚುವ ಹೆಂಗಸು, ಇವತ್ತು ಒಂದು ದಿನ ಕೊಚ್ಚಿಕೊಂಡಿದ್ದರೆ ಏನಾಗುತ್ತಿತ್ತು?

ಅವಳನ್ನು ಗೇಟಿನವರೆಗೆ ಬಿಡಲು ಹೋದಾಗ ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತಳು. ನಾನೂ ಕೂತೆ. "ನಾನು ಮುಟ್ಟೋದಕ್ಕೆ ಹೋಗಿದ್ದೆ ಕಣೇ" ಎಂದೆ. ಅವಳಿಗಲ್ಲದೆ ಬೇರೆ ಯಾರಿಗಾದರೂ ಹೇಳಬಹುದಿತ್ತು. ಬಾಯಿ ಅವಳಿಗೇ ಹೇಳಿತು.

"ಗೊತ್ತು. ನಿಧಿ ಹೇಳಿದ್ಲು."

"ಎಂಎಸ್ಸಿ ಮಾಡಿದೋಳು."

ಅವಳು ನನ್ನ ಮುಖ ನೋಡಲಿಲ್ಲ. "ನಾನೂ ಮಾಡಿದ್ದೆ" ಎಂದಳು.

ಮದುವೆಯಾದ ಹೊಸತರಲ್ಲಿ ಕರ್ನಲ್ಲರಿಗೆ ಎಲ್ಲೋ ಪೂರ್ವದ ಕಡೆ ಪೋಸ್ಟಿಂಗ್. ಆಗಿನ್ನೂ ಕ್ಯಾಪ್ಟನ್. ಪಕ್ಕದ ಕ್ವಾರ್ಟರ್ಸಿನಲ್ಲಿ ಇನ್ನೊಬ್ಬ ಅಧಿಕಾರಿ, ಅವನ ಹೆಂಡತಿ ಇವಳದೇ ವಯಸ್ಸಿನವಳು. ಗಂಡಂದಿರು ತಿಂಗಳುಗಟ್ಟಲೆ ಗಡಿಯಲ್ಲಿ. ಇಬ್ಬರೂ ಒಟ್ಟಿಗೆ ಅಡುಗೆ, ಒಟ್ಟಿಗೆ ತಿರುಗಾಟ. ಒಂದು ದಿನ ಮಳೆಯಲ್ಲಿ ಹಳೆಯ ಕಾರು ಸ್ಟಾರ್ಟ್ ಆಗಲಿಲ್ಲವೆಂದು ಆ ಹುಡುಗಿ ಶೆಡ್ಡಿನಲ್ಲಿ ಬ್ಯಾಟರಿಗೆ ಚಾರ್ಜರು ಹಾಕಲು ಹೋದಳು. ಪ್ಲಗ್ಗು ಒಡೆದಿತ್ತು, ವೈರಿನ ಬತ್ತಲೆ ತುದಿಗಳನ್ನೇ ಸಾಕೆಟ್ಟಿಗೆ ಸಿಕ್ಕಿಸಿದ್ದಳು. ಹಾಡು ಹೇಳುತ್ತಿದ್ದವಳ ದನಿ ಮಧ್ಯದಲ್ಲಿ ನಿಂತಿತು. ಇವಳು ಓಡಿಹೋಗಿ ಅವಳನ್ನು ತಬ್ಬಿ ಎಳೆದಳು.

"ನನ್ನ ಒದ್ದು ಗೋಡೆಗೆ ಎಸೀತು. ಎಚ್ಚರ ಆದಾಗ ಅವಳು ಇರಲಿಲ್ಲ" ಎಂದಳು. "ಸ್ವಿಚ್ಚು ನನ್ನ ತಲೆ ಮೇಲೇ ಇತ್ತು, ಗೋಡೇಲಿ. ಕೈ ಎತ್ತಿದ್ರೆ ಸಿಗ್ತಿತ್ತು. ಓದಿದ್ದೆಲ್ಲ ತಲೇಲಿ ಇರುತ್ತೆ ಮಾರಾಯ್ತಿ. ಓಡೋದು ಕಾಲು. ಅದಕ್ಕೆ ನಾನು ಕಾಲಿಗೆ ಪಾಠ ಮಾಡ್ತೀನಿ. ತಲೆಗೆ ನೀನಿದ್ದೀಯಲ್ಲ."

ಅವಳ ಕಣ್ಣು ಒಣಗಿಯೇ ಇತ್ತು. ಆದರೆ ಆ ಹುಡುಗಿಯ ಹೆಸರು ಹೇಳುವಾಗ ಅವಳ ದನಿಯಲ್ಲೊಂದು ಮೃದುತನ ಬಂತು, ನಮ್ಮ ಸ್ಟಾಫ್ ರೂಮಿನಲ್ಲಿ ನಾನು ಎಂದೂ ಕೇಳದಂಥದು. ಸತ್ತು ಎಷ್ಟೋ ಕಾಲವಾಗಿದ್ದ ಆ ಗೆಳತಿಯ ಮೇಲೆ ನನಗೆ ಒಂದು ಗಳಿಗೆ ಅಸೂಯೆಯಾಯಿತು. ಎಂಥ ಹೆಂಗಸು ನಾನು ಎಂದು ನಾಚಿಕೊಂಡೆ. ಅಸೂಯೆ ಹೋಗಲಿಲ್ಲ.

ಮರುವಾರ ಕರ್ನಲ್ಲರ ಬಳಿಯಿದ್ದ, ಕರೆಂಟು ಪರೀಕ್ಷಿಸುವ ಯಂತ್ರವೊಂದನ್ನು ಹೊತ್ತು ಅವಳು ನಮ್ಮ ಮನೆಗೆ ಬಂದು ಒಂದೊಂದೇ ಸಾಕೆಟ್ಟು ನೋಡಿದಳು. ಕೆಟ್ಟ ಕನ್ವರ್ಟರನ್ನು ಸುತ್ತಿಗೆಯಿಂದ ನಿಧಿಯ ಕೈಲೇ ಒಡೆಸಿದಳು. ವರಾಂಡದಲ್ಲಿ ಅಲ್ಲ, ಒಣಗಿದ, ಗಾಳಿಯಾಡುವ ಜಾಗದಲ್ಲಿ, ದೊಡ್ಡ ಸಾಕೆಟ್ಟು ಹಾಕಿಸಬೇಕು; ಬ್ಯಾಟರಿಯ ಪಕ್ಕ ಪೇಪರು, ಬಟ್ಟೆ ಇರಬಾರದು; ಬಿಸಿಲಲ್ಲಿ ಓಡಿಸಿ ಬಂದ ತಕ್ಷಣ ಚಾರ್ಜಿಗಿಡಬಾರದು, ತಣ್ಣಗಾಗಲಿ. ಹೀಗೆ ಇಡೀ ಮನೆ ಸುತ್ತಿದಳು. ನಮ್ಮವರು ಗಾಯದ ಕೈ ಎದೆಗವಚಿಕೊಂಡು ಅವಳ ಹಿಂದೆ ಹಿಂದೆ, "ಹೂಂ ಮೇಡಂ, ಸರಿ ಮೇಡಂ" ಎನ್ನುತ್ತಾ ಹೋಗುತ್ತಿದ್ದರು. ನಾನು ಇದೇ ಮಾತು ಹೇಳಿದಾಗ ಅವರು ಪೇಪರಿನಿಂದ ತಲೆ ಎತ್ತಿರಲಿಲ್ಲ. ಚಹಾ ಮಾಡಿಕೊಂಡು ಬಂದೆ. ಸಕ್ಕರೆ ಹಾಕುವುದು ಮರೆತಿದ್ದೆ. ಅವಳು ಹಾಗೇ ಕುಡಿದು, "ಕೋಪ ಬಂದಾಗ ನೀನು ಚಹಾ ಚೆನ್ನಾಗಿ ಮಾಡ್ತೀಯ" ಎಂದಳು. ಅಂದರೆ ಅವಳಿಗೆ ಗೊತ್ತಿತ್ತು. ಯಾವಾಗಿನಿಂದ ಗೊತ್ತಿತ್ತೋ.

ಅವಳು ರಿಟೈರಾಗಿ ನೋಯ್ಡಾದ ಫ್ಲ್ಯಾಟಿಗೆ ಹೋದಳು. ವಿಭಾಗ ನನ್ನ ಕೈಗೆ ಬಂತು. ಗೋಡೆಯಾಚೆಯ ತರಗತಿ ಶಾಂತವಾಯಿತು. ಬೇಕೆಂದು ಬಯಸಿದ್ದ ಶಾಂತಿ. ಮೊದಲ ವಾರ ಅದರಲ್ಲಿ ನನಗೆ ಪಾಠ ಮಾಡಲಾಗಲಿಲ್ಲ.

ಆಮೇಲೆ ಭೇಟಿ ಕಡಿಮೆಯಾಯಿತು. ಹಬ್ಬಕ್ಕೊಂದು ಫೋನು, ವರ್ಷಕ್ಕೊಮ್ಮೆ ಊಟ. ಕೊನೆಯ ಸಲ ಬಂದಾಗ ಬಹಳ ಇಳಿದುಹೋಗಿದ್ದಳು. "ಡಯಟ್ಟು" ಎಂದಳು. "ನನಗೂ ಹೇಳಿಕೊಡು" ಎಂದೆ, ನಿಜವಾಗಿ ಹೊಟ್ಟೆಕಿಚ್ಚಿನಿಂದಲೇ. ಅವಳು ಜೋರಾಗಿ ನಕ್ಕಳು. ಕರ್ನಲ್ಲರ ಫೋನು ಬಂದದ್ದು ಚಳಿಗಾಲ ಮುಗಿಯುವ ಹೊತ್ತಿಗೆ. ಎಲ್ಲ ಮುಗಿದ ಮೇಲೆ.

ಶ್ರದ್ಧಾಂಜಲಿ ಸಭೆಯನ್ನು ಚಾಣಕ್ಯಪುರಿಯಲ್ಲಿ ನಮ್ಮ ರಾಜ್ಯದ ಅತಿಥಿಗೃಹದ ಹತ್ತಿರದ ಒಂದು ಸಭಾಂಗಣದಲ್ಲಿ ಇಟ್ಟಿದ್ದರು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಡಾಕ್ಟರು, ವಕೀಲ, ಯೂನಿಫಾರ್ಮಿನಲ್ಲಿ ಬಂದಿದ್ದ ಒಬ್ಬ ಮೇಜರ್. ಪ್ರತಿಯೊಬ್ಬರೂ, "ಮ್ಯಾಮ್‌ಗೆ ನಾನೆಂದರೆ ವಿಶೇಷ ಪ್ರೀತಿ" ಎಂದೇ ಶುರುಮಾಡಿದರು. ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ ಮಾಡುವ ನಿಧಿಯೂ ಎದ್ದಳು. ಮುಂದಿನ ಸಾಲಿನಲ್ಲಿದ್ದ ಕರ್ನಲ್ಲರನ್ನು ನೋಡುತ್ತಾ ಕನ್ನಡದಲ್ಲೇ, "ಮ್ಯಾಮ್ ನನಗೆ ಎರಡನೇ ಅಮ್ಮ ಇದ್ದರು" ಎಂದಳು. ಕರ್ನಲ್ಲರು ಕಣ್ಣೊರೆಸಿಕೊಂಡರು. ಈ ಸಲ ಹೊಟ್ಟೆಯಲ್ಲಿ ಕೆಂಡ ಬೀಳುತ್ತದೆಂದು ಸಿದ್ಧಳಾಗಿ ಕೂತಿದ್ದೆ. ಬೀಳಲಿಲ್ಲ. ಇರಲಿ ಬಿಡು, ಮಗು, ಎನ್ನಿಸಿತು.

ಕೊನೆಯಲ್ಲಿ ಕರ್ನಲ್ಲರ ಪಕ್ಕ ಕೂತಿದ್ದ ಒಬ್ಬ ಬಂಗಾಳಿ ಹೆಂಗಸು ಎದ್ದರು. ನೋಯ್ಡಾದಲ್ಲಿ ಅವಳ ಎದುರು ಫ್ಲ್ಯಾಟಿನವರಂತೆ. ಬೆಳಗಿನ ವಾಕಿಂಗು, ಸಂಜೆಯ ಚಹಾ, ಕಾಯಿಲೆ ಗೊತ್ತಾದ ದಿನ, ಆಸ್ಪತ್ರೆ, ಕೊನೆಯ ವಾರ, ಎಲ್ಲದರಲ್ಲೂ ಜೊತೆಗಿದ್ದವರು. "ಶೀ ವಾಸ್ ಮೈ ಬೆಸ್ಟ್ ಫ್ರೆಂಡ್" ಎಂದರು. "ಕಾಯಿಲೆಯ ವಿಷಯ ಮನೆಯಾಚೆ ನನಗೊಬ್ಬಳಿಗೇ ಹೇಳಿದ್ದಳು."

ಬಿತ್ತು ಕೆಂಡ. ಇಷ್ಟು ವರ್ಷ ಬಿದ್ದದ್ದೆಲ್ಲ ಬೂದಿ ಎನ್ನುವ ಹಾಗೆ ಬಿತ್ತು. ಎರಡು ಮೂರು ವರ್ಷದ ಗೆಳತಿ ಇವಳು! ನನ್ನ ಡಬ್ಬಿಯಲ್ಲಿ ಅವಳು ಊಟ ಮಾಡಿದ್ದಾಳೆ. ನನಗೆ ಅವಳು ಡಯಟ್ಟು ಅಂದಳು. ಇವಳಿಗೆ ನಿಜ ಹೇಳಿದಳು.

ಮಾತಾಡುವವರ ಪಟ್ಟಿಯಲ್ಲಿ ನಾನಿರಲಿಲ್ಲ. ಎದ್ದು ಹೋಗಿ ಮೈಕು ಹಿಡಿದೆ. "ನೀವೆಲ್ಲ ಹೇಳಿದ್ದು ಸರಿ" ಎಂದೆ ಹಿಂದಿಯಲ್ಲಿ. "ಆದರೆ ಅವಳು ಪರೀಕ್ಷೆಯ ಮೇಲ್ವಿಚಾರಣೆಗೆ ಹೋದರೆ ಕೂತಲ್ಲೇ ನಿದ್ದೆ ಮಾಡುತ್ತಿದ್ದಳು. ಎಚ್ಚರಿಸಲು ನಾನು ಆಚೆ ಕೋಣೆಯಿಂದ ಬಂದು ಬಾಗಿಲಲ್ಲಿ ಕೆಮ್ಮಬೇಕಿತ್ತು. ಹಲ್ಲಿ ಕಂಡರೆ ಲ್ಯಾಬಿನ ಮೇಜು ಹತ್ತುತ್ತಿದ್ದಳು, ಕರ್ನಲ್ ಸಾಹೇಬರ ಹೆಂಡತಿ. ಕ್ಯಾಲ್ಕುಲೇಟರ್ ಇಲ್ಲದೆ ಅವಳಿಗೆ ಭಾಗಾಕಾರ ಬರುತ್ತಿರಲಿಲ್ಲ." ನಿಧಿ ಕಣ್ಣಲ್ಲೇ ಬೇಡ ಅಮ್ಮ ಎನ್ನುತ್ತಿದ್ದಳು. "ಮತ್ತೆ ಪ್ರತಿ ವರ್ಷ ಹೊಸ ಮಕ್ಕಳ ಮೊದಲ ಕ್ಲಾಸಿಗೆ ಹೋಗುವ ಮೊದಲು ಕಾರಿಡಾರಿನಲ್ಲಿ ನನ್ನ ಕೈ ಹಿಡಿದು ನಿಲ್ಲುತ್ತಿದ್ದಳು. ಅವಳ ಕೈ ಮಂಜಿನ ಹಾಗೆ ತಣ್ಣಗಿರುತ್ತಿತ್ತು. ಮಕ್ಕಳು ನನ್ನನ್ನು ಇಷ್ಟಪಡದಿದ್ದರೆ ಏನೇ ಮಾಡೋದು ಎಂದು ಕೇಳುತ್ತಿದ್ದಳು. ಪ್ರತಿ ವರ್ಷ. ಇದು ನಿಮಗೆ ಯಾರಿಗಾದರೂ ಗೊತ್ತಿತ್ತೇ?"

ಯಾರಿಗೂ ಗೊತ್ತಿರಲಿಲ್ಲ. ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಮೊದಲು ನಕ್ಕವರು ಕರ್ನಲ್ಲರು, ಅಳುತ್ತಲೇ. ಆಮೇಲೆ ಸಭೆಯೆಲ್ಲ. ನಾನು ಮೈಕು ಇಟ್ಟು ಕೆಳಗಿಳಿದೆ.

ಹೊರಗೆ ಚಹಾದ ಮೇಜಿನ ಹತ್ತಿರ ಆ ಬಂಗಾಳಿ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದರು. ಅತ್ತು ಅತ್ತು ಮೂಗು ಕೆಂಪಾಗಿತ್ತು. "ನನಗೆ ಸಿಕ್ಕವಳು ಕಾಯಿಲೆಯವಳು" ಎಂದರು ಹಿಂದಿಯಲ್ಲಿ. "ಮೇಜು ಹತ್ತುತ್ತಿದ್ದವಳನ್ನು ನೀವು ನೋಡಿದಿರಿ. ನನಗೆ ನಿಮ್ಮನ್ನು ಕಂಡರೆ ಜಲನ್ ಆಗುತ್ತಿದೆ, ಹೊಟ್ಟೆ ಉರಿಯುತ್ತಿದೆ." ಅವರು ನನ್ನ ಮೊಣಕೈ ಹಿಡಿದುಕೊಂಡರು. "ಔರ್ ಬತಾಯಿಯೇ ನಾ. ಇನ್ನೂ ಏನಾದರೂ ಹೇಳಿ."

ಒಳ್ಳೆಯ ಹೆಂಗಸು. ಕೊನೆಯ ವಾರ ಅವಳಿಗೆ ನೀರು ಕುಡಿಸಿದ ಕೈ ಅದು. ಹೇಳಬೇಕಿತ್ತು.

"ಬಸ್, ಇಷ್ಟೇ" ಎಂದೆ.

ಇನ್ನೂ ಬೇಕಾದಷ್ಟಿತ್ತು. ಅದನ್ನು ಇಲ್ಲಿಯೂ ಬರೆದಿಲ್ಲ.